ಎರಡನೇ ಕೀ

ಯಾರಾದರೂ ‘ದಾರಿಯಲ್ಲಿದೆ’ ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಹತ್ತು ತಿಂಗಳು ಆ ಒಂದು ಮಾತನ್ನು ಕೇಳಿ ಕಿವಿ ತೂತು ಬಿದ್ದಿದೆ. ಕಾರಿನ ಶೋರೂಮಿನಲ್ಲಿ ನಮ್ಮ ಆರ್ಡರ್ ನೋಡಿಕೊಳ್ಳುತ್ತಿದ್ದ ಸೇಲ್ಸ್‌ಮನ್ ನಲವತ್ತು ದಾಟಿದ ಮನುಷ್ಯ, ಕತ್ತಿಗೆ ನೀಲಿ ಟೈ, ಕಿವಿಯ ಮೇಲೊಂದು ಪೆನ್ನು. ಫೋನ್ ಎತ್ತಿದರೆ ಬೇರೆ ಮಾತೇ ಇಲ್ಲ. ಮೂರನೇ ತಿಂಗಳಿಗೆ ನಾನು ಅವನಿಗೆ ‘ದಾರಿಯಲ್ಲಿದೆ ಸಾಹೇಬರು’ ಎಂದು ಹೆಸರಿಟ್ಟೆ. ಅಪ್ಪ ನಕ್ಕ. ಆಗ ಅಪ್ಪ ಇನ್ನೂ ನಗುತ್ತಿದ್ದ.

ನನ್ನನ್ನು ಇಂಥ ಮಾತಿನಿಂದ ಮರುಳು ಮಾಡುವುದು ಕಷ್ಟ. ನಾನು ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಹದಿನಾರು ವರ್ಷದಿಂದ ಕೂತವಳು. ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಬಂದರೆ ಕೆಸರು ಬರುತ್ತದೆ, ಮೀಟರು ತಾನೇ ತಾನಾಗಿ ಓಡುತ್ತದೆ ಎಂದು ಬಂದವರಿಗೆಲ್ಲ ‘ಪರಿಶೀಲನೆಯಲ್ಲಿದೆ’ ಎನ್ನುವವಳು ನಾನೇ. ಆ ಮಾತಿನ ಅರ್ಥ ಏನು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಯಾರಿಗೂ ಏನೂ ಗೊತ್ತಿಲ್ಲ, ನೀವೀಗ ಹೊರಡಿ ಎಂದು ಅರ್ಥ. ನನ್ನ ಮಾತನ್ನೇ ಬೇರೆ ಅಂಗಿ ಹಾಕಿ ನನಗೇ ಕೊಡುತ್ತಿದ್ದಾನಲ್ಲ ಎಂದು ಸಿಟ್ಟು ನೆತ್ತಿಗೇರುತ್ತಿತ್ತು.

ಅಪ್ಪ ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಮೆಕ್ಯಾನಿಕ್ ಆಗಿದ್ದವನು. ಕೊನೆಯ ಹನ್ನೆರಡು ವರ್ಷ ಅವನದೇ ಕೊನೆಯ ಮಾತು. ಅವನು ನೋಡಿ ಸಹಿ ಹಾಕದೆ ಯಾವ ಬಸ್ಸೂ ಹೊರಗೆ ಹೋಗುತ್ತಿರಲಿಲ್ಲ. ‘ಒಂದು ನಟ್ಟು ಕಮ್ಮಿ ಇದ್ರೂ ಗಾಡಿ ಗೇಟು ದಾಟಬಾರದು’ ಎಂದು ಮನೆಯಲ್ಲೂ ಹೇಳುತ್ತಿದ್ದ. ನಾನು ಶಾಲೆಗೆ ಹೊರಟಾಗ ಅಂಗಿಯ ಗುಂಡಿ ಕಿತ್ತುಹೋಗಿದ್ದರೆ ಅದೇ ಮಾತು. ಅಮ್ಮ ಚೀಲ ತಗೊಂಡು ಪಟ್ಟಿ ಮರೆತು ಅಂಗಡಿಗೆ ಹೊರಟರೆ ಅದೇ ಮಾತು. ನಮ್ಮ ಮನೆಯಲ್ಲಿ ಅದೊಂದು ಕಾನೂನು.

ಅಷ್ಟು ವರ್ಷ ಸಾವಿರಾರು ಬಸ್ಸು ಓಡಿಸಿ ನೋಡಿದವನಿಗೆ ತನ್ನದು ಎನ್ನುವ ಒಂದು ಗಾಡಿ ಇರಲಿಲ್ಲ. ನನಗೆ ಡ್ರೈವಿಂಗ್ ಕಲಿಸಿದ್ದೂ ಗೆಳೆಯನ ಹಳೆಯ ವ್ಯಾನಿನಲ್ಲಿ. ತಿರುವು ಬಂದರೆ ನನಗೆ ಪುಕ್ಕಲು. ‘ಆ ಕಡೆ?’ ಎಂದು ಕೇಳುತ್ತಿದ್ದೆ. ಪಕ್ಕದಲ್ಲಿ ಕೂತ ಅಪ್ಪ ಕತ್ತು ಹೊರಳಿಸಿ ನೋಡಿ ‘ಖಾಲಿ, ಹೋಗು’ ಎನ್ನುತ್ತಿದ್ದ. ಲೈಸೆನ್ಸ್ ಬಂದು ಎಷ್ಟೋ ವರ್ಷವಾದ ಮೇಲೂ ಅವನು ಪಕ್ಕದಲ್ಲಿದ್ದರೆ ನಾನು ಕೇಳುತ್ತಿದ್ದೆ, ಅವನು ಹೇಳುತ್ತಿದ್ದ.

ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಒಂದು ದಿನ ಅಪ್ಪನೇ ಮಾತು ತೆಗೆದ. ಕಾರು ತಗೊಳ್ಳೋಣ, ಹೊಸದೇ ತಗೊಳ್ಳೋಣ, ಮೊದಲು ಅಕ್ಕನ ಮನೆಗೆ ಹೋಗೋಣ ಎಂದ. ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಇನ್ನೂರು ಮೈಲಿ ಆಚೆ ಮಗಳ ಮನೆಯಲ್ಲಿದ್ದಾಳೆ. ತಾಯಿಯಿಲ್ಲದ ತಮ್ಮನನ್ನು ಬಟ್ಟೆ ಹೊಲಿದು ಸಾಕಿದವಳು, ಕೆಲಸ ಕಲಿಯಲು ಕಳಿಸಿದವಳು. ಅವನು ಡಿಪೋಗೆ ಸೇರಲು ಹೊರಟ ದಿನ, ಒಂದು ದಿನ ನಿನ್ನ ಗಾಡಿಯನ್ನು ನೀನೇ ಓಡಿಸಿಕೊಂಡು ನನ್ನ ಬಾಗಿಲಿಗೆ ಬಾ ಎಂದಿದ್ದಳಂತೆ. ಐವತ್ತು ವರ್ಷದ ಹಿಂದಿನ ಮಾತು. ಇಬ್ಬರೂ ಮರೆತಿರಲಿಲ್ಲ.

ಆರ್ಡರ್ ಕೊಟ್ಟ ದಿನ ಎಂಟು ವಾರ ಎಂದರು. ಕಡು ಹಸಿರು ಬಣ್ಣದ ಸಣ್ಣ ಕಾರು. ಅಪ್ಪ ಎಂಜಿನ್ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ; ಎಷ್ಟು ಕೀ ಕೊಡ್ತೀರಿ ಎಂದು ಕೇಳಿದ. ಎರಡು ಎಂದ ಸೇಲ್ಸ್‌ಮನ್. ಮಾರನೇ ದಿನವೇ ಅಪ್ಪ ಹಳೆಯ ಡಿಪೋಗೆ ಹೋಗಿ, ಅಲ್ಲಿಯ ಲೇತಿನಲ್ಲಿ ಹಿತ್ತಾಳೆಯ ಎರಡು ಬಿಲ್ಲೆ ಕಡೆದು, ಒಂದಕ್ಕೆ 1, ಇನ್ನೊಂದಕ್ಕೆ 2 ಎಂದು ಅಚ್ಚು ಹೊಡೆದು, ಕೀ ಪೋಣಿಸಲು ಸಣ್ಣ ಬಳೆ ಸಿಕ್ಕಿಸಿ ತಂದ. ಒಂದು ನನ್ನದು, ಎರಡು ನಿನ್ನದು, ಸೀನಿಯರ್ ಡ್ರೈವರ್ ಯಾರು ಅನ್ನೋದು ಮರೀಬೇಡ ಎಂದ. ಬಾಗಿಲ ಪಕ್ಕ ಎರಡು ಕೊಕ್ಕೆ ಹೊಡೆದು ಅವನ್ನು ನೇತುಹಾಕಿದ. ಬೆಳಿಗ್ಗೆ ನಾನು ಆಫೀಸಿಗೆ ಹೊರಟಾಗ ದಿನಾ ಕಣ್ಣಿಗೆ ಬೀಳುತ್ತಿದ್ದವು, ಕೀ ಇಲ್ಲದ ಎರಡು ಬಿಲ್ಲೆ.

ಎಂಟು ವಾರ ಕಳೆಯಿತು. ಮೊದಲು ಚಿಪ್ ಇಲ್ಲ ಎಂದರು. ಅಕ್ಕಿಕಾಳಿನಷ್ಟಿರುವ ಆ ವಸ್ತು ಎಲ್ಲೋ ದೂರದ ಕಾರ್ಖಾನೆಯಲ್ಲಿ ತಯಾರಾಗಬೇಕಂತೆ, ಅದಿಲ್ಲದೆ ಇಡೀ ಕಾರು ನಿಂತಿದೆಯಂತೆ. ಆಮೇಲೆ ಹಡಗು ಎಂದರು. ಆಮೇಲೆ ವೈರ್ ಮಾಡುವ ಕಂಪನಿ ಮುಚ್ಚಿದೆ ಎಂದರು. ನಾನು ಪ್ರತಿ ಸೋಮವಾರ ಫೋನ್ ಮಾಡಿ ಬೆವರಿಳಿಸುತ್ತಿದ್ದೆ. ಅವನು ಸಕ್ಕರೆ ಹಾಕಿದ ದನಿಯಲ್ಲಿ ಹೇಳುತ್ತಿದ್ದ, ‘ದಾರಿಯಲ್ಲಿದೆ ಮೇಡಂ’. ಯಾವ ದಾರಿ, ಯಾವ ಊರಿನ ದಾರಿ, ಅದಕ್ಕೆ ಕೊನೆ ಇದೆಯೋ ಇಲ್ಲವೋ ಎಂದು ಕೇಳಿದರೆ ನೋಡಿ ಹೇಳ್ತೀನಿ ಎನ್ನುತ್ತಿದ್ದ.

ಅಪ್ಪನಿಗೆ ಸಿಟ್ಟೇ ಬರುತ್ತಿರಲಿಲ್ಲ. ಡಿಪೋದಲ್ಲಿ ಒಂದು ವಾಲ್ವಿಗಾಗಿ ಬಸ್ಸು ಏಳು ತಿಂಗಳು ನಿಂತಿತ್ತು, ಆಗ ಜನ ಕಂಡಕ್ಟರನನ್ನು ಹಿಡಿದು ಬೈಯುತ್ತಿದ್ದರು, ಪಾಪ ಅವನೇನು ಮಾಡಿಯಾನು, ಇವನೂ ಹಾಗೇ ಎಂದು ನನಗೇ ಬುದ್ಧಿ ಹೇಳುತ್ತಿದ್ದ. ನನ್ನನ್ನು ಚಿಕ್ಕವಳಿದ್ದಾಗಿನಿಂದ ‘ಸಿಡುಕಿ’ ಎಂದೇ ಕರೆಯುತ್ತಾನೆ. ಸಿಡುಕಿ, ಫೋನ್ ಇಡು, ಊಟ ಮಾಡು ಎನ್ನುತ್ತಿದ್ದ. ಅವನ ತಾಳ್ಮೆ ಕಂಡರೆ ನನ್ನ ಸಿಟ್ಟು ಇನ್ನೂ ಹೆಚ್ಚುತ್ತಿತ್ತು. ಇಬ್ಬರ ಪಾಲಿನ ಸಿಟ್ಟನ್ನೂ ನಾನೊಬ್ಬಳೇ ಮಾಡಿಕೊಳ್ಳಬೇಕಿತ್ತಲ್ಲ.

ಮೂರನೇ ತಿಂಗಳ ಕೊನೆಯಲ್ಲಿ ಅಪ್ಪ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡ. ಅದೇ ವಾರ ಮತ್ತೊಮ್ಮೆ ಬಡಿದುಕೊಂಡ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣೊಳಗಿನ ಒತ್ತಡ ಹೆಚ್ಚಿ ನರ ಸಾಯುತ್ತಿದೆ ಎಂದಳು ಆಕೆ. ಎದುರಿಗಿರುವುದು ಚೆನ್ನಾಗಿ ಕಾಣುತ್ತದೆ, ಪೇಪರ್ ಓದಬಹುದು, ಪಕ್ಕಗಳು ಮಾತ್ರ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಾ ಬರುತ್ತವೆ. ಹೋದದ್ದು ವಾಪಸು ಬರುವುದಿಲ್ಲ. ಹಗಲಲ್ಲಿ ಸದ್ಯಕ್ಕೆ ಗಾಡಿ ಓಡಿಸಬಹುದು, ಆರು ತಿಂಗಳಿಗೆ ಮತ್ತೆ ಪರೀಕ್ಷೆ, ಅದರಾಚೆಗೆ ನಾನೇನೂ ಮಾತು ಕೊಡಲಾರೆ ಎಂದಳು.

ಅಪ್ಪ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತ. ಆರು ತಿಂಗಳು ಬೇಕಾದಷ್ಟಾಯಿತು, ಅಕ್ಕನ ಮನೆಗೆ ಹೋಗಲು ಒಂದು ದಿನ ಸಾಕು ಎಂದ. ಬಾಡಿಗೆ ಕಾರು ತರುತ್ತೇನೆ, ನಾಳೆಯೇ ಹೋಗೋಣ ಎಂದೆ ನಾನು.

‘ಮೂವತ್ತನಾಲ್ಕು ವರ್ಷ ಬೇರೆಯವರ ಗಾಡಿ ಓಡ್ಸಿದೀನಿ,’ ಎಂದ ಅಪ್ಪ. ‘ಅವಳ ಬಾಗಿಲಿಗೆ ನನ್ನ ಗಾಡೀಲಿ ಹೋಗ್ತೀನಿ.’

ಅಲ್ಲಿಂದ ನನ್ನ ಸಿಟ್ಟಿಗೆ ಗಡುವು ಬಂತು. ಆರು ತಿಂಗಳು. ವಾರಕ್ಕೊಂದು ಇದ್ದ ಫೋನು ದಿನಕ್ಕೊಂದಾಯಿತು. ಸೇಲ್ಸ್‌ಮನ್‌ಗೆ ಅಪ್ಪನ ಕಣ್ಣಿನ ವಿಷಯ ಮಾತ್ರ ಹೇಳಲಿಲ್ಲ. ಕರುಣೆ ಬೇಡುವುದು ನನಗಾಗದು. ನನ್ನ ಕೌಂಟರಿನಲ್ಲಿ ಕಣ್ಣೀರು ಹಾಕಿದವರ ದೂರನ್ನೂ, ಮೇಜು ಗುದ್ದಿದವರ ದೂರನ್ನೂ ನಾನು ಒಂದೇ ಕಂತೆಗೆ ಹಾಕುತ್ತೇನೆ. ಅವನೂ ಹಾಗೇ ಮಾಡುತ್ತಾನೆ ಎಂದುಕೊಂಡಿದ್ದೆ.

ಆರನೇ ತಿಂಗಳಲ್ಲಿ ಒಂದು ಗುರುವಾರ ಊರ ನಡುವೆ ದೊಡ್ಡ ಪೈಪು ಒಡೆಯಿತು. ಬೆಳಿಗ್ಗೆಯಿಂದ ಕೌಂಟರಿನ ಮುಂದೆ ಜನವೋ ಜನ. ಒಬ್ಬ ಬಾಟಲಿ ತುಂಬ ಕೆಂಪು ನೀರು ತಂದು ನನ್ನ ಮುಂದಿನ ಕಾಗದಗಳ ಮೇಲೆ ಸುರಿದು, ನೀವೇ ಕುಡೀರಿ ಎಂದ. ನಾನು ಹಲ್ಲು ಕಚ್ಚಿಕೊಂಡು ಒದ್ದೆ ಕಾಗದ ಒರೆಸುತ್ತಿದ್ದೆ. ಆಗ ಫೋನು ಬಂತು. ದಾರಿಯಲ್ಲಿದೆ ಸಾಹೇಬರು.

‘ಮೇಡಂ, ಗಾಡಿ ಬಂತು. ಹಸಿರು ಬಣ್ಣದ್ದೇ. ಶನಿವಾರ ತಗೊಂಡು ಹೋಗಬಹುದು. ಒಂದೇ ಒಂದು ವಿಷಯ, ಕೀ ಮಾತ್ರ ಒಂದೇ ಬಂದಿದೆ. ಕೀ ಒಳಗೂ ಚಿಪ್ ಇರುತ್ತಲ್ಲ, ಅದೂ ಸಿಗ್ತಿಲ್ಲ. ಎರಡನೇದು ದಾರಿಯಲ್ಲಿದೆ.’

ಆ ಮಾತೊಂದನ್ನು ಅವನು ಹೇಳದೆ ಇದ್ದಿದ್ದರೆ ಏನಾಗುತ್ತಿತ್ತೋ. ಬಾಗಿಲ ಪಕ್ಕದ ಎರಡು ಬಿಲ್ಲೆ ಕಣ್ಣ ಮುಂದೆ ಬಂದವು. ಒಂದನೇ ನಂಬರು ಅಪ್ಪನದು. ಇಷ್ಟು ಕಾಯಿಸಿ ಕೊನೆಗೆ ಅರ್ಧ ಕೊಡುತ್ತಾರೆಯೇ? ಅಂಗಿಗೆ ಗುಂಡಿ ಇಲ್ಲದಿದ್ದರೆ ನಾನು ಶಾಲೆಗೆ ಹೋದವಳಲ್ಲ. ‘ಒಂದು ನಟ್ಟು ಕಮ್ಮಿ ಇದ್ರೂ ಗಾಡಿ ಗೇಟು ದಾಟಬಾರದು,’ ಎಂದೆ. ‘ಎರಡೂ ಕೀ ಇಲ್ದೆ ನಾನು ಮುಟ್ಟಲ್ಲ.’

ಯೋಚನೆ ಮಾಡಿ ಮೇಡಂ, ಇದನ್ನು ಬಿಟ್ಟರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ, ಆಮೇಲೆ ನಿಮ್ಮದು ಯಾವಾಗ ಎಂದು ಹೇಳಲಾಗುವುದಿಲ್ಲ ಎಂದ. ಇದೂ ನನಗೆ ಗೊತ್ತಿದ್ದ ಆಟವೇ. ಗದರಿಸಿದರೆ ಎರಡು ವಾರದಲ್ಲಿ ಎಲ್ಲ ತಾನಾಗಿ ಹುಟ್ಟಿಕೊಳ್ಳುತ್ತದೆ. ನಮ್ಮ ಕಚೇರಿಯಲ್ಲೂ ಹಾಗೇ. ಕೊಡು ಹೋಗು ಯಾರಿಗಾದರೂ ಎಂದು ಫೋನ್ ಇಟ್ಟೆ. ಪಕ್ಕದ ಕೌಂಟರಿನವಳು ಶಭಾಷ್ ಎಂದಳು. ಕೆಂಪು ನೀರು ಸುರಿದವನು ಕೂಡ ಒಂದು ಕ್ಷಣ ನನ್ನನ್ನು ಗೌರವದಿಂದ ನೋಡಿದ. ಆ ದಿನ ನಾನು ಎದೆ ಸೆಟೆಸಿಕೊಂಡೇ ಮನೆಗೆ ಹೋದೆ.

ಅಪ್ಪನಿಗೆ ಹೇಳಲಿಲ್ಲ. ಎರಡೂ ಕೀ ಬಂದ ಮೇಲೆ ಬಿಲ್ಲೆಗೆ ಸಿಕ್ಕಿಸಿ, ನೋಡು ಹೇಗೆ ನೀರಿಳಿಸಿದೆ ಎಂದು ಹೇಳಿ ನಗೋಣ ಎಂದುಕೊಂಡೆ. ಎರಡು ವಾರವಾಯಿತು. ನಾಲ್ಕು ವಾರವಾಯಿತು. ಫೋನ್ ಮಾಡಿದರೆ ಅದೇ ಮಾತು, ಆದರೆ ದನಿಯಲ್ಲಿ ಸಕ್ಕರೆ ಇರಲಿಲ್ಲ. ಅಪ್ಪ ಏನಂತೆ ಎಂದು ಕೇಳುತ್ತಿದ್ದ. ದಾರಿಯಲ್ಲಿದೆಯಂತೆ ಎನ್ನುತ್ತಿದ್ದೆ. ಅವನ ಮಾತು ಈಗ ನನ್ನ ಬಾಯಲ್ಲೇ ಇತ್ತು. ಅಪ್ಪ ಊಟಕ್ಕೆ ಕೂತಾಗ ಪಕ್ಕದಲ್ಲಿಟ್ಟ ಲೋಟಕ್ಕೆ ಕೈ ತಾಗಿ ನೀರು ಚೆಲ್ಲುತ್ತಿತ್ತು. ನಾನು ಎದ್ದು ಒರೆಸಿ, ಲೋಟವನ್ನು ಅವನ ಎದುರಿಗೇ ಇಡಲು ಶುರುಮಾಡಿದೆ.

ಅತ್ತೆ ಫೋನಿನಲ್ಲಿ ತಮ್ಮಾ ಯಾವತ್ತು ಬರ್ತೀಯೋ ಎಂದು ಕೇಳಿದಾಗಲೆಲ್ಲ ಅಪ್ಪ ‘ಇನ್ನೇನು’ ಎನ್ನುತ್ತಿದ್ದ. ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಒಂಬತ್ತನೇ ತಿಂಗಳಲ್ಲಿ ಮತ್ತೆ ಪರೀಕ್ಷೆ. ಬಟ್ಟಲಿನಂಥ ಒಂದು ಯಂತ್ರದೊಳಗೆ ಮುಖವಿಟ್ಟು ಕೂರಬೇಕು, ಬೆಳಕಿನ ಚುಕ್ಕೆ ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಹಿಂದೆ, ಚುಕ್ಕೆ ಎಲ್ಲಿ ಮೂಡುತ್ತದೆ ಎಂದು ತೋರಿಸುವ ಪರದೆಯ ಪಕ್ಕ ನಿಂತಿದ್ದೆ. ನಡುವೆ ಮೂಡಿದರೆ ಅಪ್ಪ ಟಕ್ಕೆಂದು ಒತ್ತುತ್ತಿದ್ದ. ಬಲಕ್ಕೆ ಮೂಡಿತು, ಕೈ ಸುಮ್ಮನಿತ್ತು. ಎಡಕ್ಕೆ ಮೂಡಿತು, ಸುಮ್ಮನಿತ್ತು. ಮತ್ತೆ ಬಲಕ್ಕೆ. ಒತ್ತು ಅಪ್ಪ, ಒತ್ತು ಎಂದು ಒಳಗೊಳಗೇ ಕೂಗಿದೆ. ಅವನು ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಕಾಯುತ್ತಾ ಕೂತಿದ್ದ, ಇನ್ನೂ ಚುಕ್ಕೆ ಬಂದಿಲ್ಲ ಎಂದುಕೊಂಡು.

ಇವತ್ತಿನಿಂದ ಓಡಿಸುವಂತಿಲ್ಲ ಎಂದಳು ಡಾಕ್ಟರು. ಒಂದೇ ಒಂದು ಸಲ, ಹಗಲು ಹೊತ್ತು, ಖಾಲಿ ರಸ್ತೆಯಲ್ಲಿ ಎಂದು ಕೇಳಿದ್ದು ನಾನು. ಪಕ್ಕದಿಂದ ಮಗು ಓಡಿ ಬಂದರೆ ಇವರಿಗೆ ಕಾಣುವುದಿಲ್ಲ ಎಂದಳು. ಅಪ್ಪ ಕೈ ಎತ್ತಿ ನನ್ನನ್ನು ತಡೆದ. ಬ್ರೇಕ್ ಹೋದ ಗಾಡಿಯನ್ನು ರಸ್ತೆಗೆ ಬಿಡುವವನಲ್ಲ ಅವನು. ಲೈಸೆನ್ಸನ್ನು ಜೇಬಿನಿಂದ ತೆಗೆದು ನೋಡಿ, ಮತ್ತೆ ಜೇಬಿಗಿಟ್ಟು, ನಡಿ ಹೋಗೋಣ ಎಂದ.

ಅವನನ್ನು ಮನೆಗೆ ಬಿಟ್ಟು ನಾನು ನೇರ ಶೋರೂಮಿಗೆ ಹೋದೆ. ಗಾಜಿನ ಬಾಗಿಲು ದೂಡಿಕೊಂಡು ಒಳಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಅಲ್ಲಿ ಕೂತಿದ್ದವರೆಲ್ಲ ಎದ್ದು ನಿಂತರು. ನಿಮ್ಮಿಂದ ನಮ್ಮಪ್ಪನ ಒಂದು ವರ್ಷ ಹಾಳಾಯಿತು, ನಿಮ್ಮ ಚಿಪ್ಪಿಗೆ ಬೆಂಕಿ ಬೀಳಲಿ ಎಂದೆ. ಕಣ್ಣಿನ ವಿಷಯವನ್ನೂ ಆಗಲೇ ಹೇಳಿದ್ದು. ಸೇಲ್ಸ್‌ಮನ್ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದ. ನಮ್ಮ ಆರ್ಡರಿನ ಎದುರು ಆ ಗುರುವಾರದ ತಾರೀಕಿತ್ತು. ಗಾಡಿ ಬಂದಿದೆ, ಗ್ರಾಹಕರು ನಿರಾಕರಿಸಿದ್ದಾರೆ, ಕಾರಣ: ಕೀ ಒಂದೇ.

‘ಮೊದಲೇ ಕಣ್ಣಿನ ವಿಷಯ ಒಂದು ಮಾತು ಹೇಳಿದ್ದಿದ್ರೆ ಗಾಡೀನ ಮನೆಗೇ ತಂದು ನಿಲ್ಲಿಸ್ತಿದ್ದೆ ಮೇಡಂ,’ ಎಂದ.

ತಪ್ಪು ನನ್ನದೇ ಎಂದು ಗೊತ್ತಾದರೆ ನಾನು ಇನ್ನೂ ಜೋರಾಗಿ ಕೂಗುತ್ತೇನೆ. ಆವತ್ತೂ ಕೂಗಿದೆ. ಅವನಿಗಲ್ಲ, ಅಲ್ಲಿದ್ದ ಯಾರಿಗೂ ಅಲ್ಲ. ಆದರೆ ಅದು ಅವರಿಗೆ ಹೇಗೆ ಗೊತ್ತಾಗಬೇಕು? ಕಾವಲುಗಾರ ಬಂದು ಮೆತ್ತಗೆ ಬಾಗಿಲು ತೆರೆದು ಹಿಡಿದ.

ಹತ್ತನೇ ತಿಂಗಳಲ್ಲಿ ಕಾರು ಬಂತು. ಬೇಡ ಅನ್ನೋಣ ಎಂದೆ. ಅಪ್ಪ ಒಪ್ಪಲಿಲ್ಲ, ನಾನು ಪಕ್ಕದಲ್ಲಿ ಕೂರ್ತೀನಿ, ನೀನು ಓಡಿಸು, ಅಕ್ಕನ ಮನೆಗೆ ಹೋಗಲೇಬೇಕು ಎಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಎರಡೂ ಬಿಲ್ಲೆಗಳನ್ನು ಕೊಕ್ಕೆಯಿಂದ ತೆಗೆದು ಜೇಬಿಗೆ ಹಾಕಿಕೊಂಡ. ಶೋರೂಮಿನ ಅಂಗಳದಲ್ಲಿ ಕಾರಿನ ಸುತ್ತ ಒಂದು ಸುತ್ತು ಬಂದು, ನಾಲ್ಕೂ ಟಯರಿನ ನಟ್ಟುಗಳನ್ನು ಬೆರಳಿಂದ ಮುಟ್ಟಿ ಎಣಿಸಿದ. ಚೆನ್ನಾಗಿದೆ ಎಂದ. ಮುಖ ಅರಳಿತ್ತು.

ಸೇಲ್ಸ್‌ಮನ್ ಒಂದು ಪೆಟ್ಟಿಗೆ ತಂದು ತೆರೆದ. ಒಳಗೆ ಕೀ ಇಡಲು ಎರಡು ಗುಳಿ. ಒಂದರಲ್ಲಿ ಕೀ ಇತ್ತು, ಇನ್ನೊಂದು ಖಾಲಿ. ನಾನು ಎಲ್ಲಿ ಮತ್ತೆ ಹಾರಾಡುತ್ತೇನೋ ಎಂದು ಹೆದರಿ ಅವನು ಅಪ್ಪನ ಕಡೆ ತಿರುಗಿದ.

‘ಇನ್ನೊಂದು ಬರುತ್ತೆ ಸರ್. ಹೋದ ಸಲದ ಗಾಡೀಲೂ ಹೀಗೇ ಒಂದೇ ಇತ್ತು, ಮೇಡಂ ವಾಪಸ್ ಕಳಿಸಿಬಿಟ್ರು. ಈ ಸಲ ನೀವು ಬಂದಿದ್ದು ಒಳ್ಳೇದಾಯ್ತು.’

ಹೋದ ಸಲ ಅಂದರೆ ಯಾವಾಗ ಎಂದು ಅಪ್ಪ ಕೇಳಿದ. ಅವನು ತಾರೀಕು ಹೇಳಿದ. ಅಪ್ಪ ಬೆರಳು ಮಡಿಚಿ ತಿಂಗಳು ಎಣಿಸಿದ. ಪರೀಕ್ಷೆಯ ತಿಂಗಳಿಗೆ ಬಂದಾಗ ಮೂರು ಬೆರಳು ಮಡಿಚಿದ್ದವು. ಅಲ್ಲಿಗೇ ನಿಲ್ಲಿಸಿದ.

‘ಯಾಕೆ?’ ಎಂದು ನನ್ನನ್ನು ಕೇಳಿದ.

‘ನೀನೇ ಹೇಳ್ತಿದ್ದೆಯಲ್ಲ ಅಪ್ಪ,’ ಎಂದೆ. ‘ಒಂದು ನಟ್ಟು ಕಮ್ಮಿ ಇದ್ರೂ ಗಾಡಿ ಗೇಟು ದಾಟಬಾರದು ಅಂತ.’

ಅಪ್ಪನಿಗೆ ಸಿಟ್ಟು ಬಂದದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ. ಅವನು ಕೂಗಲಿಲ್ಲ.

‘ಅದು ಬ್ರೇಕಿನ ಮಾತು,’ ಎಂದ. ‘ಚಕ್ರದ ಮಾತು. ಸೀಟು ಹರಿದ ಬಸ್ಸು ಕಳಿಸಿದೀನಿ ನಾನು. ಕಿಟಕಿ ಮುಚ್ಚದಿರೋ ಬಸ್ಸು ಕಳಿಸಿದೀನಿ. ಜನ ಕಾಯ್ತಿರ್ತಾರೆ ಅಂತ ಕಳಿಸಿದೀನಿ.’

ಸೇಲ್ಸ್‌ಮನ್ ಕಾಗದ ತರುವ ನೆಪ ಹೇಳಿ ಒಳಗೆ ಜಾರಿಕೊಂಡ. ಬೈ ಅಪ್ಪ, ಜೋರಾಗಿ ಬೈ ಎಂದೆ. ನನಗೆ ಬೈಗುಳ ತಗೊಳ್ಳುವುದು ಗೊತ್ತು, ಹದಿನಾರು ವರ್ಷ ಅದೇ ಕೆಲಸ. ಅವನು ಬೈಯಲಿಲ್ಲ. ಜೇಬಿನಿಂದ ಬಿಲ್ಲೆಗಳನ್ನು ತೆಗೆದು, ಎರಡನ್ನೂ ಮುಖದ ನೇರಕ್ಕೆ ಹಿಡಿದು, ನಂಬರು ನೋಡಿದ. ಎರಡನೆಯದನ್ನು ಕೀಗೆ ಸಿಕ್ಕಿಸಿ ನನ್ನ ಕೈಗೆ ಕೊಟ್ಟ. ಒಂದನೆಯದನ್ನು ಖಾಲಿ ಗುಳಿಯಲ್ಲಿಟ್ಟು ಪೆಟ್ಟಿಗೆ ಮುಚ್ಚಿದ.

‘ಇನ್ನೊಂದು ಬೇಡ ಅಂತ ಹೇಳು ಅವನಿಗೆ,’ ಎಂದ. ‘ಓಡ್ಸೋಳು ಒಬ್ಳೇ.’

ಕಾರು ಹತ್ತಿದೆವು. ಅತ್ತೆಯ ಮನೆಗೆ ಈಗಲೇ ಹೊರಟರೆ ಸಂಜೆಯೊಳಗೆ ಸೇರುತ್ತೇವೆ ಎಂದೆ. ಮನೆಗೆ ನಡಿ ಎಂದ. ಅಂಗಳ ದಾಟಿ ಗೇಟಿನ ಹತ್ತಿರ ನಿಲ್ಲಿಸಿದೆ. ಮುಂದೆ ದೊಡ್ಡ ರಸ್ತೆ, ಬಿಡುವಿಲ್ಲದ ಗಾಡಿಗಳು. ಇಪ್ಪತ್ತು ವರ್ಷದ ಅಭ್ಯಾಸ, ಬಾಯಿ ತಾನಾಗಿ ತೆರೆಯಿತು.

‘ಆ ಕಡೆ?’ ಎಂದೆ.

ಅಪ್ಪ ಕತ್ತು ಹೊರಳಿಸಲಿಲ್ಲ. ನೇರ ಎದುರಿಗೇ ನೋಡುತ್ತಾ ಕೂತಿದ್ದ.

‘ನೀನೇ ನೋಡ್ಕೋ,’ ಎಂದ.